ಬಾಯಿಬಿಟ್ಟು ಹೇಳಿದ ಹೆಸರು

ಮೊನ್ನೆ ಓಟಿನ ದಿನ ಶಾಲೆಯ ಪಡಸಾಲೆಯಲ್ಲಿ ಪೆಟ್ಟಿಗೆಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದರು. ಸುಟ್ಟ ಅರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಮಾವಯ್ಯ ನೆನಪಾದರು. ಅಂದು ಚಾವಡಿಯಲ್ಲೂ ಇದೇ ವಾಸನೆಯಿತ್ತು…

ನಾನು ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದ ಹೊಸತು. ನೇಕಾರರ ಬೀದಿ. ಗೋಡೆಯಾಚೆ ಮಾವಯ್ಯನ ಮಗ್ಗದ ಸದ್ದು ಕೇಳಿದರೆ ತವರಿನ ನೆನಪು ಸ್ವಲ್ಪ ಹಿಂದೆ ಸರಿಯುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಕೆರೆಯ ಕೆಟ್ಟ ನೀರು ಕುಡಿದು, ವಾಂತಿಭೇದಿಯಾಗಿ, ಅವರ ಒಬ್ಬಳೇ ಮಗಳು ತೀರಿಕೊಂಡಿದ್ದಳು.

ಅದು ಮಹಾರಾಜರ ಕಾಲ. ಮುನಿಸಿಪಾಲಿಟಿಗೆ ಸದಸ್ಯರನ್ನು ಆರಿಸಬೇಕಿತ್ತು. ಓಟು ಎಲ್ಲರಿಗೂ ಇರಲಿಲ್ಲ, ಮನೆಗಂದಾಯ ಕಟ್ಟುವ ಗಂಡಸರಿಗೆ ಮಾತ್ರ. ಓದು ಬರದವರು ಊರ ಚಾವಡಿಯಲ್ಲಿ ಅಧಿಕಾರಿಯ ಮುಂದೆ ನಿಂತು ತಮ್ಮವರ ಹೆಸರನ್ನು ಬಾಯಲ್ಲೇ ಹೇಳಬೇಕು. ಚುನಾವಣೆಗೆ ನಿಂತ ಇಬ್ಬರೂ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಒಬ್ಬರು ನಮ್ಮ ಬೀದಿಗೆಲ್ಲ ರೇಷ್ಮೆ ನೂಲು ಕೊಟ್ಟು ಸೀರೆ ನೇಯಿಸುವ ಸಾಹುಕಾರರು. ಇನ್ನೊಬ್ಬರು ಬೀದಿಗೊಂದು ಬಾವಿ ತೋಡಿಸುತ್ತೇನೆಂದಿದ್ದ ವಕೀಲರು.

ನಾವು ಹೆಂಗಸರು ಎದುರಿನ ಜಗಲಿಯಿಂದ ನೋಡುತ್ತಿದ್ದೆವು. ನೇಕಾರರೆಲ್ಲ ತಲೆ ತಗ್ಗಿಸಿ ಸಾಹುಕಾರರ ಹೆಸರು ಹೇಳಿ ಇಳಿದು ಬಂದರು. ಮಾವಯ್ಯನ ಸರದಿ ಬಂತು. ಅವರು ಹೇಳಿದ ವಕೀಲರ ಹೆಸರು ಜಗಲಿಯವರೆಗೂ ಕೇಳಿಸಿತು. ಸಾಹುಕಾರರು ಬೈಯಲಿಲ್ಲ. ಮಡಿಸುತ್ತಿದ್ದ ವೀಳ್ಯದೆಲೆಯನ್ನು ಹಾಗೇ ಹಿಡಿದು ಅವರನ್ನೇ ನೋಡಿದರು…

ಗೆದ್ದವರು ಸಾಹುಕಾರರೇ. ಆಮೇಲೆ ಮಾವಯ್ಯ ನೂಲು ಕೇಳಲು ಹೋದಾಗಲೆಲ್ಲ ಬರಿಗೈಯಲ್ಲಿ ಬಂದರು. ಬೇರೆ ಯಾರೂ ಕೊಡುವ ಧೈರ್ಯ ಮಾಡಲಿಲ್ಲ. ಗೋಡೆಯಾಚೆಯ ಸದ್ದು ನಿಂತುಹೋಯಿತು. ಸೋತ ವಕೀಲರು ಮಾತ್ರ ಸಾಹುಕಾರರ ಮನೆಯ ಮದುವೆಯಲ್ಲಿ ಅವರ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು.

"ತಪ್ಪಾತು ಅಂತ ಒಂದ್ ಮಾತು ಅಂದು ಬರ್ರಿ," ಎಂದು ಮಾವಯ್ಯನ ಹೆಂಡತಿ ಬೇಡಿಕೊಂಡದ್ದು ನಮಗೂ ಕೇಳಿಸಿತು.

"ಏನ್ ತಪ್ಪು ಮಾಡೀನಿ ನಾನು? ಮಗಳು ಬದುಕಿದ್ದಿದ್ರೆ ನಾನೂ ಸಾಹುಕಾರ್ರ ಹೆಸ್ರೇ ಹೇಳ್ತಿದ್ದೆ," ಎಂದರು ಮಾವಯ್ಯ.

ಮಗ್ಗ ಮಾರಿ ಇಬ್ಬರೂ ಚಳ್ಳಕೆರೆಗೆ ಹೋದರು. ಅಲ್ಲಿಯ ಸಂತೆಯಲ್ಲಿ ಒಮ್ಮೆ ಮಾವಯ್ಯ ಸಿಕ್ಕಿದ್ದರು. ಕಂಬಳಿ ನೇಯುವವರ ಬಳಿ ಉಣ್ಣೆ ಬಿಡಿಸುತ್ತಿದ್ದರು. ರೇಷ್ಮೆಯ ಎಳೆ ಹಿಡಿದ ಬೆರಳುಗಳೆಲ್ಲ ಒಡೆದಿದ್ದವು. ನಮ್ಮ ಕ್ಷೇಮ ಕೇಳುವ ಮೊದಲೇ, "ಬಾವಿ ತೋಡಿದ್ರೇನಮ್ಮ?" ಎಂದರು.

"ಇನ್ನೂ ಇಲ್ಲ ಮಾವಯ್ಯ."

ಅವರು ತಲೆ ಬಗ್ಗಿಸಿ ಮತ್ತೆ ಉಣ್ಣೆಗೆ ಕೈಯಿಟ್ಟರು. ಮರುವರ್ಷ ಅಲ್ಲೇ ತೀರಿಕೊಂಡರೆಂದು ಯಾರೋ ಹೇಳಿದರು…

ಮೊನ್ನೆ ಪರದೆಯ ಹಿಂದೆ ನಾನೊಬ್ಬಳೇ ಇದ್ದೆ. ಚೀಟಿ ಹಾಕಿ ಹೊರಬಂದಾಗ ಮಗ ಕೇಳಿದ: "ಯಾರಿಗೆ ಹಾಕ್ದೆವ್ವಾ?"

"ಯಾರೂ ಕೇಳಂಗಿಲ್ವಂತೆ ಕಣಪ್ಪ," ಎಂದೆ.

ತಿರುಗಿ ಆ ಪರದೆಯನ್ನು ನೋಡಿದೆ. ಒರಟು ಬಟ್ಟೆ, ಹೆಚ್ಚೆಂದರೆ ಎರಡು ಗಜ. ಅಷ್ಟನ್ನು ಮಾವಯ್ಯ ಒಂದೇ ದಿನದಲ್ಲಿ ನೇಯ್ದು ಕೊಡುತ್ತಿದ್ದರು…