ತೋಮಣ್ಣನಿಗೆ ನಾನು ಕೊಟ್ಟ ಔಟು

ತೋಮಣ್ಣ ಔಟಾಗಿರಲಿಲ್ಲ. ಗೊತ್ತಿದ್ದೂ ಬೆರಳೆತ್ತಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ — ಆಮೇಲೆ ಹೇಳೋಣವೆಂದು ಹೊರಟರೆ ಮಾತು ಎಲ್ಲೆಲ್ಲಿಗೋ ಹೊರಳಿಬಿಡುತ್ತದೆ. ಇಷ್ಟು ವರ್ಷ ಆದದ್ದೂ ಅದೇ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಟೆನಿಸ್ ಬಾಲ್ ಕ್ರಿಕೆಟ್ ಆಡಿದವರಿಗೆ ನನ್ನ ಹೆಸರು ಗೊತ್ತಿಲ್ಲದಿದ್ದರೂ ನನ್ನ ಕಥೆ ಗೊತ್ತಿರುತ್ತದೆ. ಸ್ವಂತ ಕ್ಯಾಪ್ಟನ್ನಿಗೇ ಔಟ್ ಕೊಟ್ಟ ಅಂಪೈರ್ — ಅದು ನಾನೇ. ಆ ಹೆಸರಿನ ಮೇಲೆಯೇ ಊರೂರಿಗೆ ಕರೆಸಿಕೊಂಡಿದ್ದೇನೆ, ಶಾಲು ಹೊದೆಸಿಕೊಂಡಿದ್ದೇನೆ, ಒಳ್ಳೆಯ ಊಟ ಉಂಡಿದ್ದೇನೆ.

ತೋಮಣ್ಣ, ಅಂದರೆ ತೋಮಸ್, ಹೆಂಡತಿ ಲಿಸ್ಸಿ ಅಕ್ಕ ಮತ್ತು ಪುಟ್ಟ ಮಗಳು ಅನುವಿನೊಂದಿಗೆ ಕೇರಳದಿಂದ ಬಂದು ಕಡಹಿನಬೈಲಿನ ಹತ್ತಿರ ನೆಲೆಸಿದವನು. ಎರಡು ಸಾವಿರದ ಆಚೀಚಿನ ಕಾಲ. ಮೊಬೈಲು ಬಂದಿದ್ದರೂ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕಿತ್ತು. ಆ ಗುಡ್ಡದ ಮೇಲೇ ಅವನು ರಬ್ಬರ್ ಹಾಕಿದ. ಹಾಗೆ ಬಂದವರನ್ನೆಲ್ಲ ನಮ್ಮೂರಿನವರು 'ಕೇರಳದವರು' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ದಾರಿಯಲ್ಲಿ ಸಿಕ್ಕರೆ ನಗು, ಅಂಗಳದವರೆಗೆ ಮಾತು, ಅದರಾಚೆ ಇಲ್ಲ.

ಅದನ್ನು ಮುರಿದದ್ದು ಅವನ ಕ್ರಿಕೆಟ್ಟು. ಎರಡೂ ಕಡೆಯ ಹುಡುಗರನ್ನು ಸೇರಿಸಿ ಟೀಮು ಕಟ್ಟಿದ. ಆಮೇಲೆ ಒಂದು ವಿಚಿತ್ರ ಕಾನೂನು ತಂದ — ಭಾನುವಾರ ಆಡುವವರು ಮೊದಲು ಊರಿನದೊಂದು ಕೆಲಸ ಮುಗಿಸಬೇಕು. "ಹನ್ನೊಂದು ಜನ ಆಡಕ್ಕೆ ಸಿಕ್ತಾರೆ ಅಂದ್ರೆ ಸಂಕ ಕಟ್ಟಕ್ಕೂ ಸಿಗ್ಬೇಕಲ್ಲ ಮಾರಾಯ!" ಎನ್ನುತ್ತಿದ್ದ. ಚರ್ಚಿನಿಂದ ನೇರ ಬಂದು, ಬಿಳಿ ಅಂಗಿ ಕಳಚಿ ಬೇಲಿಗೆ ಹಾಕಿ, ಹಳ್ಳಕ್ಕಿಳಿಯುತ್ತಿದ್ದ. ಹಳ್ಳ ದಾಟುವ ಕಾಲುಸಂಕಗಳು, ಒಂಟಿ ಹೆಂಗಸರ ಮನೆಯ ಸೋರುವ ಮಾಡು, ಆಸ್ಪತ್ರೆಗೆ ಹೊತ್ತೊಯ್ಯಬೇಕಾದ ಮುದುಕರು — ಬ್ಯಾಟು ಹಿಡಿಯುವ ಮೊದಲು ಇವೆಲ್ಲ ಮುಗಿದಿರುತ್ತಿದ್ದವು. ನನ್ನ ಅಜ್ಜಿಯನ್ನು ಜೀಪಿನವರೆಗೆ ಹೊತ್ತವನೂ ಅವನೇ. ಮನುಷ್ಯ ಹೀಗೂ ಇರಬಹುದೇ ಎಂದು ಬೆರಗಾಗುತ್ತಿದ್ದೆ. ಬೆರಗಿನ ಪಕ್ಕದಲ್ಲೇ ಇನ್ನೊಂದು — ಹೇಗೆ ಹೇಳಲಿ — ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ.

ಅವನು ಬರುವ ಮೊದಲು ಊರಿನ ಕ್ಯಾಪ್ಟನ್ ನಾನು. ನಾವು ಆಡುತ್ತಿದ್ದದ್ದು ಕೊಯ್ಲಾದ ನಮ್ಮ ಮನೆಯ ಗದ್ದೆಯಲ್ಲಿ. ಅದರ ನಡುವೆ ಮಣ್ಣು ಬಡಿದು, ಒಕ್ಕಲು ಕಣಕ್ಕೆ ಬಳಿಯುವಂತೆ ಸಗಣಿ ಬಗ್ಗಡ ಬಳಿದು ಪಿಚ್ ಮಾಡಿದವನು ಮಾತ್ರ ಅವನು. ಆ ವರ್ಷದ ಟೂರ್ನಮೆಂಟಿನ ಫೈನಲ್ ದಿನ ಮೈಕಿನಲ್ಲಿ ಒಬ್ಬ ಕೂಗಿದ: "ತೋಮಣ್ಣನ ಗ್ರೌಂಡಿಗೆ ಎಲ್ರಿಗೂ ಸ್ವಾಗತ!" ನಮ್ಮಪ್ಪನ ಗದ್ದೆ! ಮೈಯೆಲ್ಲ ಉರಿದುಹೋಯಿತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಇದ್ದಿದ್ದರೆ ಚೆನ್ನಾಗಿತ್ತೇನೋ.

ಎದುರಾಳಿ ಮುತ್ತಿನಕೊಪ್ಪದವರು. ಲಿಸ್ಸಿ ಅಕ್ಕ ಮೊದಲ ಬಾರಿ ಆಟ ನೋಡಲು ಬಂದು ಅನುವನ್ನು ಮಡಿಲಲ್ಲಿಟ್ಟುಕೊಂಡು ಬದುವಿನ ಮೇಲೆ ಕುಳಿತಿದ್ದರು. ಸುತ್ತ ನಮ್ಮ ಮನೆಗಳ ಹೆಂಗಸರು. ಕೇರಳದವರೂ ಊರವರೂ ಒಂದೇ ಬದುವಿನ ಮೇಲೆ ಕೂತದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಬ್ಯಾಟಿಂಗ್ ತಂಡದವರೇ ಅಂಪೈರ್ ಆಗುವುದು ನಮ್ಮ ಕಡೆಯ ಪದ್ಧತಿ. ಬೇಗ ಔಟಾಗಿದ್ದರಿಂದ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಇಂಥ ಅಂಪೈರ್ ತನ್ನವರನ್ನು ಉಳಿಸುತ್ತಾನೆಂಬ ಗುಮಾನಿ ಎಲ್ಲರಿಗೂ ಇರುತ್ತದೆ. ಕೆಡಿಸುತ್ತಾನೆಂಬ ಗುಮಾನಿ ಯಾರಿಗೂ ಬರುವುದಿಲ್ಲ. ನಾನು ಅಡಗಿಕೊಂಡದ್ದು ಅಲ್ಲಿಯೇ.

ಗೆಲುವು ಕೈಗೆಟುಕುವಷ್ಟು ಹತ್ತಿರವಿತ್ತು. ತೋಮಣ್ಣ ಎರಡನೇ ರನ್ನಿಗೆ ಓಡಿ ಬಂದ, ಬಿದ್ದು ಬ್ಯಾಟು ಚಾಚಿದ. ಬ್ಯಾಟು ಗೆರೆ ದಾಟಿ ನಿಂತ ಮೇಲೆ ಸ್ಟಂಪು ಬಿತ್ತು. ನನ್ನ ಕಾಲಬುಡದಲ್ಲೇ ನಡೆದದ್ದು, ಕಣ್ಣಾರೆ ಕಂಡದ್ದು. ಮುತ್ತಿನಕೊಪ್ಪದವರೆಲ್ಲ ಕೂಗಿದರು. ನಾನು ಬೆರಳೆತ್ತಿದೆ.

ಅವನು ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದಂತೆ ಹೇಳಿದ: "ಬ್ಯಾಟು ಒಳಗಿತ್ತು ಮಾರಾಯ. ಆದ್ರೆ ನಿಂಗೆ ಔಟ್ ಅಂತ್ಲೇ ಕಂಡಿದ್ದಾ?"

ಬೆರಳು ಇಳಿಸಬಹುದಿತ್ತು. ಇಳಿಸಿದ್ದರೆ —

"ಹಂಗೇ ಕಂಡಿದ್ದು" ಎಂದೆ.

"ಹಂಗಾದ್ರೆ ಮುಗೀತು" ಎಂದು ಹೊರಟುಹೋದ. ಬೆರಳೆತ್ತಿದ್ದನ್ನು ಸಿಟ್ಟಿನ ಭರ ಎನ್ನಬಹುದೇನೋ. ನಾನಾಡಿದ ಈ ಸುಳ್ಳಿಗೆ ಯಾವ ಭರವೂ ಇರಲಿಲ್ಲ.

ಸೋತೆವು. ನಮ್ಮ ಹುಡುಗರು ನನ್ನ ಮೇಲೆ ಏರಿಬಂದರು. ತೋಮಣ್ಣ ಅಡ್ಡ ನಿಂತ; ಆಮೇಲೆ ಮೈಕು ಇಸಕೊಂಡು ತನ್ನ ಮಲಯಾಳದ ರಾಗದ ಕನ್ನಡದಲ್ಲಿ ಹೇಳಿದ: "ಕಪ್ಪು ಹೋಯ್ತು, ಹೋಗ್ಲಿ. ತನ್ನ ಕ್ಯಾಪ್ಟನ್‌ಗೇ ಔಟ್ ಕೊಡೋ ಧೈರ್ಯ ಯಾರಿಗಿದೆ? ಇವನು ನಮ್ಮೂರಿನವನು!" ಗದ್ದೆಯಿಡೀ ಚಪ್ಪಾಳೆ. ಬ್ಯಾಟು ಒಳಗಿತ್ತೆಂದು ಚೆನ್ನಾಗಿ ಬಲ್ಲ ಮನುಷ್ಯ ಆಡಿದ ಮಾತದು. ಕಣ್ಣು ತಪ್ಪಿರಬಹುದು, ಮನಸ್ಸು ತಪ್ಪಿರಲಾರದು ಎಂದುಕೊಂಡನಲ್ಲ — ಅಷ್ಟು ದೊಡ್ಡ ನಂಬಿಕೆಯನ್ನು ನನ್ನ ಬದುಕಿನಲ್ಲಿ ಇನ್ನಾರಲ್ಲೂ ಕಾಣಲಿಲ್ಲ.

ಕಳೆದ ವರ್ಷ ತೋಮಣ್ಣ ತೀರಿಕೊಂಡ. ಅವನ ನೆನಪಿನ ಟೂರ್ನಮೆಂಟಿಗೆ ನಾನೇ ಮುಖ್ಯ ಅಂಪೈರ್ ಎಂದು ಹುಡುಗರು ನಿರ್ಧರಿಸಿ ಹೇಳಲು ಬಂದರು. ಮರುದಿನ ಬೆಳಿಗ್ಗೆ ಲಿಸ್ಸಿ ಅಕ್ಕನ ಮನೆಗೆ ಹೋಗಿ, ಜಗಲಿಯಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಅವರು ರಬ್ಬರ್ ಶೀಟು ಒಣಹಾಕುತ್ತಿದ್ದರು. ಕೈ ನಿಂತಿತು.

"ಅವತ್ತು ಮನೆಗೆ ಬಂದಾಗ ಮಗಳು ಅಳ್ತಾ ಕೇಳಿದ್ಳು, ಅಪ್ಪ ನೀನು ನಿಜಕ್ಕೂ ಔಟಾ ಅಂತ" ಎಂದರು. "ಅವ್ರು ಮಗಳಿಗೆ 'ಹೌದು ಮೋಳೇ, ಅಪ್ಪಂಗೆ ಓಡಕ್ಕೆ ಬರಲ್ಲ' ಅಂದ್ರು. ನಿಂಗೆ ಕೆಟ್ಟ ಹೆಸ್ರು ಬರಬಾರ್ದು ಅಂತ. ಓಡಕ್ಕೆ ಬರದ ಅಪ್ಪ ಅಂತ ಅವಳು ಕೊನೇವರೆಗೂ ತಮಾಷೆ ಮಾಡಿದ್ಳು. ಅವ್ರು ನಗ್ತಿದ್ರು."

ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. ಒಳಗಿನಿಂದ ಫೋನು ತಂದರು. ಮಂಗಳೂರಿನಲ್ಲಿ ನರ್ಸ್ ಆಗಿರುವ ಅನುವಿನ ನಂಬರು ಒತ್ತಿ ನನ್ನ ಕೈಗಿಟ್ಟರು.

"ನಂಗಲ್ಲ. ಅವಳಿಗೆ ಹೇಳು."

ಆ ಕಡೆಯಿಂದ "ಅಮ್ಮಾ?" ಎಂಬ ದನಿ ಬಂತು. ಅಮ್ಮ ಅಲ್ಲವೆಂದು ನನ್ನ ಹೆಸರು ಹೇಳಿದೆ. ಅವಳಿಗೆ ಖುಷಿಯಾಯಿತು. "ಅಯ್ಯೋ, ಅಂಪೈರ್ ಮಾಮಾ!" ಎಂದು ನಕ್ಕಳು. ಆ ನಗು ಮುಗಿಯುವವರೆಗೆ ಕಾದೆ. ಆಮೇಲೆ ಹೇಳಿದೆ — ನಿನ್ನ ಅಪ್ಪನಿಗೆ ಓಡಲು ಬರುತ್ತಿತ್ತು ಮಗಳೇ.