ಬಚ್ಚಲ ಬಾಗಿಲು ಬೂತಿಗೆ ಹೋದದ್ದು

ನಾನು ಚಿಕ್ಕವಳಿದ್ದಾಗ ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಗುಟ್ಟುಗಳೆಲ್ಲ ನನ್ನ ಬಾಯಲ್ಲೇ ಇರುತ್ತಿದ್ದವು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಅಳಿಯ ಮುನಿಸಿಕೊಂಡ, ಎಲ್ಲ ಮೊದಲು ನನಗೇ ತಿಳಿಯುತ್ತಿತ್ತು. ಏಕೆಂದರೆ ಓಣಿಗಿದ್ದ ಒಂದೇ ಫೋನು ನಮ್ಮಪ್ಪನ ಅಂಗಡಿಯಲ್ಲಿತ್ತು.

ಆಗ ಮನೆಗೆ ಫೋನು ಬೇಕೆಂದು ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಮನೆಮನೆಗೆ ಕೊಡಲಾಗದಿದ್ದರೆ ಓಣಿಗೊಂದಾದರೂ ಇರಲಿ ಎಂದು ದಿಲ್ಲಿಯ ಸರಕಾರ ಊರೂರಿಗೆ ಎಸ್‌ಟಿಡಿ ಬೂತುಗಳನ್ನು ಕೊಡತೊಡಗಿತು. ಅದರಲ್ಲಿ ಅಂಗವಿಕಲರಿಗೆ ಆದ್ಯತೆ. ಅಪ್ಪನ ಬಲಗಾಲು ಪೋಲಿಯೋದಿಂದ ಸೊರಗಿತ್ತು. ಹಾಗಾಗಿ ಅವನ ಗಡಿಯಾರ ರಿಪೇರಿ ಅಂಗಡಿಗೆ ಹಳದಿ ಬೋರ್ಡು ಬಂತು, ಕೆಂಪು ಅಂಕಿ ಮಿನುಗುವ ಮೀಟರು ಬಂತು. ಗಡಿಯಾರ ತೊಳೆಯುವ ಪೆಟ್ರೋಲಿನ ವಾಸನೆಯ ನಡುವೆ ನಿಂತು ಜನ ಬಳ್ಳಾರಿಗೆ, ಪುಣೆಗೆ ಕೂಗಿ ಕೂಗಿ ಮಾತಾಡುತ್ತಿದ್ದರು. ಉಳಿದವರು ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು. ನಾನಂತೂ ಸಾಲೆ ಬಿಟ್ಟ ಮೇಲೆ ಕದಲುತ್ತಲೇ ಇರಲಿಲ್ಲ.

ಆ ವರ್ಷ ಪಕ್ಕದ ಮನೆಗೆ ಹೊಸ ಸೊಸೆ ಬಂದಿದ್ದಳು. ಅತ್ತಿಗೆ ಎನ್ನುವ ಹಾಗೆ ನಾವು ಅವಳನ್ನು ವೈನಿ ಎನ್ನುತ್ತಿದ್ದೆವು. ತವರು ರಾಯಚೂರಿನ ಕಡೆ. ನನಗೆ ಜಡೆ ಹೆಣೆಯುತ್ತ ತನ್ನೂರಿನ ನಾಗರಪಂಚಮಿಯ ಜೋಕಾಲಿಯ ಬಗ್ಗೆ ಹೇಳುವಾಗ ಅವಳ ಕೈ ನಿಂತೇ ಹೋಗುತ್ತಿತ್ತು. ಮದುವೆಯಾದ ಮೇಲಿನ ಮೊದಲ ಪಂಚಮಿಗೆ ತವರಿಗೆ ಹೋಗಬೇಕು, ಅವಳಿಗೆ ಅದೊಂದೇ ಆಸೆ. ಆದರೆ ಅತ್ತೆಗೆ ಮೊಣಕಾಲು ನೋವು, ಹಬ್ಬದ ಕೆಲಸಕ್ಕೆ ಸೊಸೆ ಬೇಕಿತ್ತು.

ಹಬ್ಬ ಇನ್ನೂ ಹದಿನೈದು ದಿನ ಇರುವಾಗ ವೈನಿ ಅತ್ತೆಯ ಜೊತೆ ಬೂತಿಗೆ ಬಂದಳು. ಮೊದಲೇ ಹೇಳಿಟ್ಟಿದ್ದಂತೆ ತವರೂರಿನ ಬೂತಿನವರು ಅವಳ ತಾಯಿಯನ್ನು ಕರೆಸಿ ಕೂರಿಸಿದ್ದರು. ಅತ್ತೆ ಕೆಟ್ಟವಳೇನಲ್ಲ, ಆದರೆ ರಿಸೀವರಿಗೆ ತಾನೂ ಕಿವಿ ಹಚ್ಚಿ ನಿಂತಳು.

"ಈ ಸಲ ಬರಾಕ ಆಗಂಗಿಲ್ಲ, ಯವ್ವಾ. ಇಲ್ಲೆ ಕೆಲಸ ಭಾಳ ಐತಿ. ನಾ ಆರಾಮ ಅದೇನಿ," ಎಂದು ವೈನಿ ಫೋನು ಇಟ್ಟಳು. ಇಟ್ಟ ಮೇಲೂ ಅವಳ ಕೈ ಅದರ ಮೇಲೇ ಇತ್ತು. ಆ ಸುದ್ದಿಯೊಂದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಅಪ್ಪ ಕಂಡೂ ಕಾಣದವನಂತೆ ಗಡಿಯಾರದ ಮೇಲೆ ಬಗ್ಗಿದ್ದ. ಮರುದಿನ ಎದ್ದು ನೋಡಿದರೆ ನಮ್ಮ ಬಚ್ಚಲಮನೆಗೆ ಬಾಗಿಲೇ ಇಲ್ಲ. ಅಪ್ಪ ಬಡಿಗನಿಂದ ಅದನ್ನು ಕಳಚಿಸಿ, ಅಂಗಡಿಯ ಮೂಲೆಯಲ್ಲಿ ಹಲಗೆ ಹೊಡೆಸಿ, ಒಬ್ಬರು ನಿಲ್ಲುವಷ್ಟು ಗೂಡು ಮಾಡಿಸಿ ಅದಕ್ಕೆ ಆ ಬಾಗಿಲನ್ನು ಕೂರಿಸುತ್ತಿದ್ದ. ಬಚ್ಚಲಿಗೆ ಅವ್ವ ಹಳೆಯ ಕೌದಿ ಇಳಿಬಿಟ್ಟಳು. ಗಾಳಿ ಬಂದರೆ ಕೌದಿ ಹಾರುತ್ತಿತ್ತು, ನಾನು ಮಗ್ಗು ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತಿದ್ದೆ. ಅಕ್ಕ ಸಿಟ್ಟಿನಿಂದ ಊಟ ಬಿಟ್ಟಳು. ಅಪ್ಪ ಅವಳ ತಾಟಿನ ಮುಂದೆ ಕೂತ.

"ಸರಕಾರ ಫೋನ್ ಕೊಟ್ಟೈತಿ, ನನ್ನವ್ವಾ. ಬಾಗಲಾ ನಾವ ಕೊಡಬೇಕು."

ಅಕ್ಕ ರೊಟ್ಟಿ ಮುರಿದಳು.

ಮುಂದಿನ ವಾರ ಅತ್ತೆ ಸೊಸೆ ಮತ್ತೆ ಬಂದರು. ವೈನಿಯ ಹಿಂದೆಯೇ ಅತ್ತೆಯೂ ಗೂಡಿನೊಳಗೆ ಕಾಲಿಡಲು ಹೋದಾಗ ಅಪ್ಪ ತಡೆದ. "ಒಳಗ ಒಬ್ಬರಿಗೆ ಅಷ್ಟ ಜಾಗಾ ಐತ್ರಿ, ಕಾಕು. ನೀವು ಇಲ್ಲೆ ಕುಂದರ್ರಿ, ಚಾ ತರಸ್ತೇನಿ."

ಬಾಗಿಲು ಮುಚ್ಚಿತು. ನಾನು ಹಲಗೆಗೆ ಕಿವಿ ಹಚ್ಚಲು ಹೋದೆ. ಅಪ್ಪ ಒಂದೇ ಸಲ ದುರುಗುಟ್ಟಿ ನೋಡಿದ, ತೆಪ್ಪಗೆ ಬಂದು ಬೆಂಚಿನ ಮೇಲೆ ಕೂತೆ. ಒಳಗಿನಿಂದ ಸಣ್ಣಗೆ ಬಿಕ್ಕುವುದು ಕೇಳಿಸಿತು, ಆಮೇಲೆ ನಗು. ಏನು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಗೆ ಬಂದಾಗ ಅವಳ ಕಣ್ಣುಗಳು ಕೆಂಪಾಗಿದ್ದವು, ಮುಖ ಮಾತ್ರ ಹಗುರಾಗಿತ್ತು.

ಹಬ್ಬಕ್ಕೆ ಎರಡು ದಿನವಿರುವಾಗ ಅವಳ ತಂದೆ ಉಂಡಿಯ ಡಬ್ಬಿ ಹಿಡಿದು ಬಂದರು. "ಮಗಳನ್ನ ಕರಿಯಾಕ ಬಂದೇನ್ರಿ," ಎಂದು ಕೈಮುಗಿದು ನಿಂತ ಹಿರಿಯರಿಗೆ ಇಲ್ಲವೆನ್ನಲು ಅತ್ತೆಗೆ ಬಾಯಿ ಬರಲಿಲ್ಲ. ವೈನಿ ಓಣಿಯ ತಿರುವಿನಲ್ಲಿ ನಿಂತು ನಮ್ಮ ಅಂಗಡಿಯ ಕಡೆ ನೋಡಿದಳು. ಅಪ್ಪ ತಲೆ ಎತ್ತಲಿಲ್ಲ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅವನ ಮೇಲೆ ಅಂದು ನನಗೆ ಬಂದಷ್ಟು ಪ್ರೀತಿ ಮತ್ತೆಂದೂ ಬಂದಿಲ್ಲ.

ಈಗ, ಮೊಮ್ಮಕ್ಕಳೇ, ನಿಮ್ಮಲ್ಲಿ ಒಬ್ಬೊಬ್ಬರ ಕೈಗೂ ಒಂದೊಂದು ಫೋನಿದೆ. ಕಡಲಾಚೆಯವರ ಮುಖವೂ ಕಾಣುತ್ತದೆ, ಅದನ್ನು ನೋಡಲು ಮನೆಮಂದಿಯೆಲ್ಲ ಮುಗಿಬೀಳುತ್ತೇವೆ. ಮೊನ್ನೆ ನಿಮ್ಮಲ್ಲಿ ದೊಡ್ಡವಳು, ಜಗಳವಾಡಿದ್ದ ಗೆಳತಿಯ ಜೊತೆ ಮಾತಾಡಲು ಫೋನು ಹಿಡಿದು ಮಾಳಿಗೆ ಹತ್ತಿದಳು. ಏನು ಮಾತಾಡುತ್ತಾಳೆ ಕೇಳಿ ಬನ್ನಿ ಎಂದು ನಿಮ್ಮವ್ವ ನನ್ನನ್ನೇ ಅಟ್ಟಿದಳು. ನನ್ನ ಕಿವಿ ಇನ್ನೂ ಚುರುಕಾಗಿದೆ. ಮೆಟ್ಟಿಲು ಹತ್ತಿ ಹೋದೆ, ಅಳುವ ದನಿ ಕೇಳಿಸಿತು. ಅರ್ಧ ತೆರೆದಿದ್ದ ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಕೆಳಗಿಳಿದು ಬಂದೆ.