ಚಳಿಗೆ ಬಿರಿದ ಕಣಜ

ನಮ್ಮವರು, ಜಯತೀರ್ಥರಾಯರು, ಹೈದರಾಬಾದಿನ ಬೇಸಿಗೆಗೆ ಹೆದರುವಷ್ಟು ಯಮನಿಗೂ ಹೆದರುವುದಿಲ್ಲ. ಮಾರ್ಚ್ ಬಂತೆಂದರೆ ಕಿಟಕಿಗೆ ಲಾವಂಚದ ತಡಿಕೆ ಕಟ್ಟುವುದು ಅವರು, ದಿನವಿಡೀ ಅದಕ್ಕೆ ನೀರು ಹೊಡೆಯುವುದು ನಾನು. ಸಿಕಂದರಾಬಾದಿನ ಕಚೇರಿಯೊಂದರಲ್ಲಿ ಕಾಂಕ್ರೀಟ್ ಕಟ್ಟಡಗಳ ಲೆಕ್ಕ ಹಾಕುವುದು ಅವರ ಉದ್ಯೋಗ.

ಎಂಬತ್ತೇಳರಲ್ಲಿ ಒಂದು ಸಿಮೆಂಟು ಕಾರ್ಖಾನೆಗೆ ಕಾಂಕ್ರೀಟಿನ ದೊಡ್ಡ ಕಣಜವೊಂದರ ವಿನ್ಯಾಸ ಮಾಡಿಕೊಟ್ಟಿದ್ದರು. ಕುಲುಮೆಯಲ್ಲಿ ಸುಟ್ಟ ಕ್ಲಿಂಕರ್ ಉಂಡೆಗಳನ್ನು ಬಿಸಿಬಿಸಿಯಾಗಿಯೇ ಅದಕ್ಕೆ ತುಂಬುತ್ತಾರೆ. ಕಟ್ಟಿದವನು ಬೀದರ್ ಕಡೆಯ ಗುತ್ತಿಗೆದಾರ ವೈಜನಾಥ. ಬೇಸಿಗೆಯೆಲ್ಲ ಕಣಜ ಗಟ್ಟಿಯಾಗಿ ನಿಂತಿತ್ತು. ಸಂಕ್ರಾಂತಿಯ ಹೊತ್ತಿಗೆ ಹೊರಗೋಡೆಯ ತುಂಬ ಉದ್ದುದ್ದ ಬಿರುಕು. ವೈಜನಾಥ ಸಿಮೆಂಟು ಕದ್ದಿದ್ದಾನೆ ಎಂದರು ಕಾರ್ಖಾನೆಯವರು. ಕಾರಣ ಹುಡುಕಿ ವರದಿ ಬರೆಯಬೇಕಾದವರು ನಮ್ಮವರೇ. ಅವರು ಹೌದೆಂದರೆ ವೈಜನಾಥನಿಗೆ ಇನ್ನೆಲ್ಲಿಯೂ ಕೆಲಸ ಸಿಗುತ್ತಿರಲಿಲ್ಲ.

"ಕಾಂಕ್ರೀಟ್ ಕೊರದು ನೋಡಿದ್ವಿ, ಛಲೋನೇ ಅದ. ಒಳಗಿನ ಕಬ್ಬಿಣಾನೂ ನಾ ಬರಕೊಟ್ಟಷ್ಟೇ ಅದ. ಮತ್ಯಾಕ ಬಿರೀತು? ತಲೀನ ಓಡವಲ್ದು," ಎಂದರು ಊಟಕ್ಕೆ ಕೂತಾಗ. ಅನ್ನ ಕಲೆಸುತ್ತಲೇ ಇದ್ದರು, ತಿನ್ನುತ್ತಿರಲಿಲ್ಲ. ನನಗೆ ಸಿಟ್ಟು ಬಂತು.

"ಬ್ಯಾಸಗಿನೇ ತಡಕೊಂಡದ. ಥಂಡ್ಯಾಗ ಅದಕ್ಕ ಹಾಯ್ ಅನ್ನಸ್ಬೇಕಲ್ರೀ?"

"ನಾನೂ ಹಂಗೇ ಅನಕೊಂಡು ಮೇ ತಿಂಗಳ ಬಿಸಿಲು ಹಿಡದೇ ಲೆಕ್ಕಾ..." ಎಂದವರು ಅಲ್ಲಿಗೇ ನಿಂತರು. ಎಂಜಲು ಕೈಯಲ್ಲೇ ಎದ್ದು ಕಾಗದ ಹುಡುಕಿದರು.

ಆಮೇಲೆ ನನಗೂ ತಿಳಿಸಿ ಹೇಳಿದರು. ಗೋಡೆಯ ಒಳಮೈ ಬಿಸಿಗೆ ಹಿಗ್ಗುತ್ತದಂತೆ, ತಣ್ಣಗಿರುವ ಹೊರಮೈ ಹಿಗ್ಗುವುದಿಲ್ಲ, ಎಳೆತಕ್ಕೆ ಸಿಕ್ಕಿ ಸೀಳುತ್ತದೆ. ಮೇ ತಿಂಗಳಲ್ಲಿ ಹೊರಗೂ ಬಿಸಿಯಿರುವುದರಿಂದ ಎಳೆತ ಕಡಿಮೆ, ಚಳಿಗೆ ಹೆಚ್ಚು. ಚಳಿಗೆ ಬೇಕಾದಷ್ಟು ಕಬ್ಬಿಣವನ್ನು ಅವರು ಹಾಕಿಸಿಯೇ ಇರಲಿಲ್ಲ. ಬಿಸಿಲಿಗಿಂತ ಚಳಿ ಕೆಟ್ಟದ್ದು ಹೇಗೆಂಬುದು ನನಗೆ ಈಗಲೂ ಪೂರ್ತಿ ತಲೆಗೆ ಹತ್ತಿಲ್ಲ. ತಪ್ಪು ಯಾರದೆಂಬುದು ಮಾತ್ರ ಹತ್ತಿತು. ವಿನ್ಯಾಸ ನನ್ನದು, ತಪ್ಪೂ ನನ್ನದೇ ಎಂದು ಅವರು ವರದಿ ಬರೆದುಕೊಟ್ಟರು.

ಸುದ್ದಿ ತಿಳಿದು ವೈಜನಾಥ ಮನೆಗೆ ಬಂದ. ಖುಷಿಯಾಗಿರುತ್ತಾನೆ ಎಂದುಕೊಂಡು ನಾನು ಚಹಾಕ್ಕೆ ಇಟ್ಟೆ. ಅವನು ಒಳಗೇ ಬರಲಿಲ್ಲ.

"ಕಾರ್ಖಾನಿಯವ್ರು ಅಂದದ್ದು ಕೇಳಿ ನಾ ನಮ್ಮ ಮೇಸ್ತ್ರಿ ಮಲ್ಲಪ್ಪನ್ನ ಹಿಡಕೊಂಡೆ ಸಾಹೇಬ್ರ. ಒಂದು ಬೊಗಸಿ ಸಿಮೆಂಟೂ ಕದ್ದಿಲ್ಲಂತ ಮಕ್ಕಳ ಮ್ಯಾಲೆ ಆಣಿ ಮಾಡಿದ. ಕೇಳಲಿಲ್ಲ. ಎಲ್ಲಾರ ಮುಂದ ಬಡದು ಓಡಿಸಿಬಿಟ್ಟೆ."

ನಮ್ಮವರು ಚಪ್ಪಲಿ ಮೆಟ್ಟಿಕೊಂಡರು.

"ಹೋಗಿ ಕರಕೊಂಡು ಬರೋಣಂತ ನಡೀ. ಅವಂದು ಯಾವ ಊರು?" ಎಂದರು.

"ಹನ್ನೆರಡು ವರ್ಷ ನನ್ನ ಕಡೆ ದುಡದ," ಎಂದ ವೈಜನಾಥ. "ಊರು ಕೇಳಿಲ್ರಿ."